ಶಾಸ್ತ್ರಾಂತರಿ ಲಕ್ಷಣ

ಪ್ರತಿ ಚಳಿಗಾಲಕ್ಕೂ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಮಾಗಡಿ ಕೆರೆಗೆ ಬರುತ್ತವೆ. ದುರ್ಬೀನು ಹಿಡಿದು ಅವನ್ನು ಎಣಿಸುವವರಿದ್ದಾರೆ. 2024ರಲ್ಲಿ ಆ ಕೆರೆ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕಪ್ಪತಗುಡ್ಡದ ಔಷಧಿ ಗಿಡಗಳಿಗೆ ಕುಲ, ಜಾತಿ, ಲ್ಯಾಟಿನ್ ನಾಮಕರಣ ಎಲ್ಲ ಮುಗಿದಿದೆ. 2019ರಲ್ಲಿ ಗುಡ್ಡವೇ ವನ್ಯಜೀವಿಧಾಮವಾಯಿತು. ಆದರೆ ಅದೇ ಸೀಮೆಯೊಳಗೆ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ, ಒಂದು ವಿಷಯದಲ್ಲಿ ಪದವಿ ಪಡೆದು ಮನಶ್ಶಾಸ್ತ್ರಕ್ಕೆ ವಲಸೆ ಹೊರಟ ಜೀವಿಗಳನ್ನು ಯಾರೂ ಎಣಿಸಿಲ್ಲ, ವಿಂಗಡಿಸಿಲ್ಲ. ಆ ಕೊರತೆ ನೀಗಲೆಂದು ಈ ಗ್ರಂಥ.

ಗ್ರಂಥದ ಆರಂಭದಲ್ಲಿ ನಾಲ್ಕು ಸಂಗತಿ ಹೇಳಬೇಕೆಂದು ಪ್ರಾಚೀನರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ ಹೇಳಿಯಾಯಿತು. ಪ್ರಯೋಜನವೆಂದರೆ, ಮನೆಯಲ್ಲಿ ಇಂಥದೊಂದು ಜೀವಿ ತಲೆಯೆತ್ತಿದಾಗ ತಂದೆತಾಯಿ ಗಾಬರಿಯಾಗದಿರುವುದು. ಸಂಬಂಧದ ಮಾತು ಬೇಡ, ಬಿ.ಇ. ಮುಗಿಸಿದ ಹುಡುಗ ಮತ್ತೆ ಓದಲು ಕೂತಿದ್ದಾನೆ ಎಂದರೆ ಬಂದ ಸಂಬಂಧಗಳೂ ತಿರುಗಿ ಹೋಗುತ್ತವೆ. ಇನ್ನು ಅಧಿಕಾರಿ. ಇದನ್ನು ಯಾವ ಅಧಿಕಾರಿಯೂ ಓದುವುದಿಲ್ಲವೆಂಬ ಭರವಸೆಯ ಮೇಲೆಯೇ ಶಾಸ್ತ್ರಕಾರ ಮುಂದುವರಿಯುತ್ತಾನೆ.

ಈ ಜೀವಿಗೆ ನಾವು ಶಾಸ್ತ್ರಾಂತರಿ ಎಂದು ಹೆಸರಿಟ್ಟಿದ್ದೇವೆ. ಪಕ್ಷಾಂತರಿಯ ಪದ್ಧತಿಯಲ್ಲೇ ಈ ಹೆಸರನ್ನು ಸಾಧಿಸಿಕೊಳ್ಳಬೇಕು. ವ್ಯತ್ಯಾಸ ಇಷ್ಟೇ: ಪಕ್ಷಾಂತರಿಗೆ ರೆಸಾರ್ಟು, ನಿಗಮ ಮಂಡಳಿ ಇತ್ಯಾದಿ ಸಿಗುತ್ತವೆ, ಶಾಸ್ತ್ರಾಂತರಿ ತನ್ನ ಫೀ ತಾನೇ ಕಟ್ಟುತ್ತಾನೆ. ಲಕ್ಷಣ ಹೀಗಿದೆ: ಪದವಿ ಒಂದು ಶಾಸ್ತ್ರದ್ದು, ಹಂಬಲ ಇನ್ನೊಂದರದ್ದು, ನಡುವೆ ಕೆಲವು ವರ್ಷಗಳ ಸಂಬಳ ಅಥವಾ ಸಂಬಳವಿಲ್ಲದಿರುವಿಕೆ. ಈ ಮೂರನೆಯ ಅಂಶ ಬಿಟ್ಟರೆ ಲಕ್ಷಣ ಅತಿವ್ಯಾಪ್ತಿಯಾಗುತ್ತದೆ. ಆಗ ರಾತ್ರಿ ಹಾಸಿಗೆಯಲ್ಲಿ ಮೊಬೈಲು ಹಿಡಿದು ‘ಎದುರಿಗಿದ್ದವರ ಮನಸ್ಸು ಓದುವ ಹತ್ತು ಗುಟ್ಟು’ ನೋಡುವವರೆಲ್ಲ ಒಳಗೆ ಬಂದುಬಿಡುತ್ತಾರೆ, ಗ್ರಂಥ ಸಾಲುವುದಿಲ್ಲ.

ಶುದ್ಧ ಮನಶ್ಶಾಸ್ತ್ರ ಪದವೀಧರರದ್ದು ಇಲ್ಲಿಯೇ ಒಂದು ಆಕ್ಷೇಪ ಏಳುತ್ತದೆ: ನಾವು ಬಿ.ಎ.ಯಿಂದಲೂ ಇದನ್ನೇ ಓದಿ ಬಂದವರು, ನಡುವೆ ನುಗ್ಗುವ ಇವರು ಯಾರು? ಇದಕ್ಕೆ ಗುರುಪರಂಪರೆಯೇ ಉತ್ತರ. ಈ ಶಾಸ್ತ್ರದಲ್ಲಿ ಮೂಲನಿವಾಸಿಗಳು ಯಾರೂ ಇಲ್ಲ. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ವಿಲ್ಹೆಲ್ಮ್ ವುಂಟ್ ಕಲಿತದ್ದು ವೈದ್ಯಕೀಯ. ಅಮೆರಿಕದ ವಿಲಿಯಂ ಜೇಮ್ಸ್ ಹಾರ್ವರ್ಡಿನಲ್ಲಿ ಓದಿ ಪಡೆದ ಪದವಿಯೂ 1869ರ ವೈದ್ಯ ಪದವಿಯೇ; ಮನಶ್ಶಾಸ್ತ್ರದ ಮೇಲೆ ತಾನು ಕೇಳಿದ ಮೊದಲ ಉಪನ್ಯಾಸ ತಾನೇ ಕೊಟ್ಟದ್ದು ಎಂದು ಅವರು ತಮಾಷೆ ಮಾಡುತ್ತಿದ್ದರು. ಬುದ್ಧಿಶಕ್ತಿ ಅಳೆದ ಆಲ್ಫ್ರೆಡ್ ಬಿನೆ ಕಾನೂನು ಓದಿದವರು. ಮಕ್ಕಳ ಯೋಚನೆಯ ಹಂತಗಳನ್ನು ಗುರುತಿಸಿದ ಪಿಯಾಜೆಯ ಡಾಕ್ಟರೇಟು ಮೃದ್ವಂಗಿಗಳ ಮೇಲೆ, ಅಂದರೆ ಶಂಖದ ಹುಳ, ಬಸವನಹುಳಗಳ ಮೇಲೆ.

ನಮ್ಮ ಕಡೆಯ ಪರಂಪರೆ ಇನ್ನೂ ಸೊಗಸು. ವುಂಟ್ ಎಂಬ ವೈದ್ಯರ ಹತ್ತಿರ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಸೈನ್ಯಾಧಿಕಾರಿ ಕೆಲಸ ಬಿಟ್ಟು ಕಲಿಯಲು ಹೋದರು. ಆ ನಿವೃತ್ತ ಯೋಧರ ಹತ್ತಿರ ಲಂಡನ್ನಿನಲ್ಲಿ ನಮ್ಮ ಎಂ.ವಿ. ಗೋಪಾಲಸ್ವಾಮಿಯವರು ಕಲಿತರು. ಅವರು ಮೈಸೂರಿಗೆ ಬಂದು 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಆಗ ಕುಲಪತಿಯಾಗಿದ್ದವರು ತತ್ತ್ವಶಾಸ್ತ್ರದ ಬ್ರಜೇಂದ್ರನಾಥ ಸೀಲರು. ಗೋಪಾಲಸ್ವಾಮಿಯವರೂ ಒಂದು ಕಡೆ ಕೂತವರಲ್ಲ, 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಎಂಬ ಹೆಸರಿನ ರೇಡಿಯೋ ನಿಲಯ ಆರಂಭಿಸಿದರು. ಶಾಸ್ತ್ರಾಂತರದ ಚಟ ನೆಲೆ ಕಂಡ ಮೇಲೂ ಬಿಡುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ಇತ್ತ ಮುಂಬಯಿ ಕರ್ನಾಟಕದಲ್ಲಿ, ಅಂದರೆ ಗದಗ ಇನ್ನೂ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಕಾಲದಲ್ಲಿ, ವಿ.ವಿ. ಕಾಮತರು ಆ ಕಾನೂನು ಪದವೀಧರ ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ಮಕ್ಕಳ ಮುಂದೆ ಬರುತ್ತಿದೆ. ಹಾಸ್ಯದಲ್ಲಿ ಈ ಗ್ರಂಥಕ್ಕೆ ಪೂರ್ವಸೂರಿಯಾದ ರಾ.ಶಿ. ಅವರೂ ಇದೇ ಕುಲ: ಎಂ. ಶಿವರಾಂ ಎಂಬ ವೈದ್ಯರು, 1942ರಲ್ಲಿ ‘ಕೊರವಂಜಿ’ ಆರಂಭಿಸಿ ನಗಿಸಿದವರು, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ‘ಮನಮಂಥನ’ ಎಂಬ ಮನಸ್ಸಿನ ಪುಸ್ತಕಕ್ಕೆ. ಆಕ್ಷೇಪ ಬಿತ್ತು.

ಇನ್ನು ಕ್ಷೇತ್ರಲಕ್ಷಣ. ಈ ನಾಲ್ಕು ಊರುಗಳ ಶಾಸ್ತ್ರಾಂತರಿಗೆ ಧಾರವಾಡವೇ ದಿಕ್ಕು. ಅಲ್ಲೇ ತೊಡಕು. ‘ಅವ ಧಾರವಾಡಕ್ಕ ಹೋಗ್ಯಾನ’ ಎಂಬ ಮಾತಿಗೆ ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಮೂರು ಅರ್ಥ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಓದಲು ಹೋದ ಎಂಬುದು ಒಂದು, ಕೆ.ಎ.ಎಸ್. ಅಥವಾ ಪಿ.ಎಸ್.ಐ. ಕೋಚಿಂಗಿಗೆ ಹೋದ ಎಂಬುದು ಎರಡು. ಮೂರನೆಯದನ್ನು ದನಿ ತಗ್ಗಿಸಿ ಹೇಳುತ್ತಾರೆ, ಏಕೆಂದರೆ 1845ರಷ್ಟು ಹಳೆಯ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, ಇರುವುದೂ ಅಲ್ಲಿಯೇ. ಶಾಸ್ತ್ರಾಂತರಿಯ ದುರ್ದೈವವೆಂದರೆ ಅವನ ವಿಷಯದಲ್ಲಿ ಮೂರು ಅರ್ಥಗಳೂ ಒಟ್ಟಿಗೆ ಹೊಂದುತ್ತವೆ. ‘ಇಂಜಿನಿಯರ್ ಮುಗಿಸಿದ್ನಲ್ಲ ನಿಮ್ಮ ಹುಡುಗ, ಈಗೇನ್ ಮಾಡಾಕತ್ಯಾನ?’ ‘ಧಾರವಾಡಕ್ಕ ಹೊಕ್ಕಾನ್ರಿ, ಮನಶ್ಶಾಸ್ತ್ರಂತ.’ ‘ಹೌದs? ಯಾವಾಗಿಂದ ಹಿಂಗ ಆಗೇತಿ?’

ಪ್ರಭೇದಗಳಿಗೆ ಬರೋಣ.

ಯಂತ್ರಜನಿಗೆ ಮೊದಲ ಮಣೆ, ಏಕೆಂದರೆ ಇವನೇ ಹೆಚ್ಚು ಕಾಣಿಸುವವನು. ಹುಟ್ಟು ಗದಗಿನದೋ ಹುಬ್ಬಳ್ಳಿಯದೋ ಇಂಜಿನಿಯರಿಂಗ್ ಕಾಲೇಜು, ಬೆಳವಣಿಗೆ ಬೆಂಗಳೂರಿನ ಪಿ.ಜಿ.; 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಸಮೇತ ಶಿರಹಟ್ಟಿಯ ಅಟ್ಟಕ್ಕೆ ಮರಳಿದ. ಅಟ್ಟದ ಮೇಲೆ ಕೂತು ಕೆಲಸ ಮಾಡುವಾಗ ಅವನಿಗೆ ಹೊಳೆದದ್ದು, ತನ್ನ ತಂಡದ ಹನ್ನೆರಡು ಮಂದಿಯಲ್ಲಿ ಕೋಡಿಗಿಂತ ಮುಂಚೆ ಕೆಟ್ಟು ನಿಂತದ್ದು ಮನುಷ್ಯರು ಎಂಬುದು. ಅಲ್ಲಿಂದ ಅವನು ಜಾರುತ್ತಾನೆ. ಲಕ್ಷಣ: ಯಾವ ದುಃಖ ಹೇಳಿಕೊಂಡರೂ ಕಾಗದ ತೆಗೆದು ಚೌಕ ಬರೆದು, ಬಾಣ ಹಾಕಿ, ಇನ್ನೊಂದು ಚೌಕ ಬರೆಯುತ್ತಾನೆ. ಸಂಖ್ಯಾಶಾಸ್ತ್ರದ ಪತ್ರಿಕೆ ಇವನಿಗೆ ನೀರು ಕುಡಿದಷ್ಟು ಸಲೀಸು. ಟಿ-ಟೆಸ್ಟು, ಕೈ-ಸ್ಕ್ವೇರು ಎಂದರೆ ಉಳಿದ ಪ್ರಭೇದಗಳು ಬೆವರುವಾಗ ಇವನು ಅವರಿಗೆಲ್ಲ ಪಾಠ ಹೇಳಿಕೊಡುತ್ತಾನೆ. ಪ್ರಯೋಗದ ತರಗತಿಯಲ್ಲಿ ಕನ್ನಡಿ ನೋಡಿ ನಕ್ಷತ್ರ ಬರೆಯುವ ಪ್ರಯೋಗವೆಂದರೆ ದಶಾಂಶದ ಮೂರನೆಯ ಸ್ಥಾನದವರೆಗೆ ಅಳೆಯುತ್ತಾನೆ. ದೋಷ ಒಂದೇ: ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ಪರಿಹಾರ ಕೊಟ್ಟುಬಿಡುತ್ತಾನೆ. ಗಂಡ ತೀರಿಕೊಂಡ ಹೆಣ್ಣುಮಗಳಿಗೆ ಏಳು ಅಂಶಗಳ ವೇಳಾಪಟ್ಟಿ ಬರೆದುಕೊಡುವ ಪ್ರಾಣಿ ಇದು. ಇದಕ್ಕೆ ಚಿಕಿತ್ಸೆಯೆಂದರೆ ಗದಗ ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ, ಗಿರ್ಮಿಟ್ ತರಿಸಿ, ಎದುರಿಗಿನವರು ಮಾತಾಡಿ ಮುಗಿಸುವವರೆಗೆ ಮಿರ್ಚಿ ಮುಟ್ಟದೆ ಕೂರಿಸುವುದು. ಆರೆಂಟು ತಣ್ಣನೆಯ ಮಿರ್ಚಿಗಳಾದ ಮೇಲೆ ಗುಣ ಕಾಣುತ್ತದೆ.

ಹಾಗೆಂದು ಯಂತ್ರಜನನ್ನು ತೀರಾ ಹಗುರವಾಗಿ ಕಾಣುವಂತಿಲ್ಲ. ಜಾರ್ಜ್ ಕೆಲಿ ಎಂಬವರ ಮೊದಲ ಪದವಿ ಭೌತಶಾಸ್ತ್ರ, ಗಣಿತದ್ದು. 1930ರ ದಶಕದಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಬರ, ಧೂಳುಗಾಳಿ, ಸಾಲ ಮೂರೂ ಕೂಡಿ ರೈತರನ್ನು ಕೆಡವಿದಾಗ ಅವರು ಊರೂರಿಗೆ ಸಂಚಾರಿ ಚಿಕಿತ್ಸಾಲಯ ಒಯ್ದರು. ಫ್ರಾಯ್ಡನ ಸಿದ್ಧಾಂತ ಆ ಒಕ್ಕಲಿಗರ ಹೊಲಕ್ಕೆ ಹೊಂದದ್ದು ಕಂಡು, ಪ್ರತಿಯೊಬ್ಬ ಮನುಷ್ಯನೂ ತನ್ನ ಬದುಕಿನ ಬಗ್ಗೆ ಊಹೆ ಕಟ್ಟಿ ಪರೀಕ್ಷಿಸುವ ವಿಜ್ಞಾನಿಯೇ ಎಂಬ ತಮ್ಮದೇ ಸಿದ್ಧಾಂತ ಕಟ್ಟಿದರು. ಮುಂಡರಗಿಯ ಮಳೆಯಾಶ್ರಿತ ಎರಿ ಹೊಲ ನೋಡಿದವರಿಗೆ ಕಾನ್ಸಾಸ್ ದೂರದ್ದಲ್ಲ.

ಎರಡನೆಯದು ವಣಿಜ. ಬಿ.ಕಾಂ. ಮುಗಿಸಿ ಎ.ಪಿ.ಎಂ.ಸಿ.ಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದವನು ಅಥವಾ ಸಹಕಾರಿ ಬ್ಯಾಂಕಿನ ಗುಮಾಸ್ತ. ನೋಡಲು ಸಾಧು. ಆದರೆ ಹೆಸರು, ಹತ್ತಿ, ಒಣಮೆಣಸಿನಕಾಯಿಗಳ ಧಾರಣೆ ಇಳಿದ ವಾರ ಯಾವ ರೈತ ಹೇಗೆ ಕೂತ, ಯಾರು ಚಹಾ ಬೇಡವೆಂದ, ಯಾರು ಕಾರಣವಿಲ್ಲದೆ ನಕ್ಕ ಎಂಬುದೆಲ್ಲ ಇವನ ಕಿರ್ದಿಯಲ್ಲಿ ಬರೆಯದೆ ದಾಖಲಾಗಿರುತ್ತದೆ. ಸಾಲದ ಭಾರ ಮನುಷ್ಯನನ್ನು ಏನು ಮಾಡುತ್ತದೆಂಬುದನ್ನು ಗದಗಿನವರು ಬಲ್ಲರು. ಹಾಗಿಲ್ಲದಿದ್ದರೆ 1905ರಲ್ಲೇ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಏಕೆ ಕಟ್ಟುತ್ತಿದ್ದರು? ವಣಿಜನ ವಲಸೆಯನ್ನು ಅರ್ಥಶಾಸ್ತ್ರದವರು ಆಕ್ಷೇಪಿಸುವಂತಿಲ್ಲ. ಮನಶ್ಶಾಸ್ತ್ರದ ಡೇನಿಯಲ್ ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹೋಗಿದೆ. ಆ ಬಾಕಿ ಈಗ ಕಂತಿನಲ್ಲಿ ತೀರುತ್ತಿದೆ.

ಕೃಷಿಜ ವಿರಳ. ಬಿ.ಎಸ್ಸಿ. ಅಗ್ರಿ ಮುಗಿಸಿದವನಿಗೆ ಬ್ಯಾಂಕು, ಬೀಜದ ಕಂಪನಿ ಬಾಗಿಲು ತೆರೆದೇ ಇರುತ್ತವೆ. ಆದರೂ ಬಂದವನನ್ನು ಕಾರ್ಲ್ ರೋಜರ್ಸ್ ಹೆಸರು ಹೇಳಿ ಬರಮಾಡಿಕೊಳ್ಳಬೇಕು. ಆ ಮಹಾನುಭಾವ 1919ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸೇರಿದ್ದು ಕೃಷಿಗೆ, ಅಲ್ಲಿಂದ ಇತಿಹಾಸಕ್ಕೆ, ಅಲ್ಲಿಂದ ಧರ್ಮಶಾಸ್ತ್ರಕ್ಕೆ, ಕೊನೆಗೆ ಮನಶ್ಶಾಸ್ತ್ರಕ್ಕೆ. ಮೂರು ಬಾರಿ ಪಕ್ಷ ಬದಲಿಸಿದ ದಾಖಲೆ. ಬಾಲ್ಯದಲ್ಲಿ ನೆಲಮಾಳಿಗೆಯ ಕತ್ತಲಲ್ಲಿ ಬಟಾಟೆಗಳು ಬಿಳಿಚಿದ ಮೊಳಕೆ ಒಡೆದು ಕಿಟಕಿಯ ಬೆಳಕಿನತ್ತ ಚಾಚುತ್ತಿದ್ದುದನ್ನು ಅವರು ಮರೆಯಲಿಲ್ಲ. ಕೆಟ್ಟು ಹೋದರೆನ್ನಿಸಿಕೊಂಡ ರೋಗಿಗಳಲ್ಲೂ ಅದೇ ಚಾಚುವಿಕೆ ಕಂಡರು. ಗದಗಿನ ಗೋದಾಮಿನಲ್ಲಿ ಉಳ್ಳಾಗಡ್ಡಿ ಮೊಳೆತದ್ದು ನೋಡಿ ಧಾರಣೆ ಹೋಯಿತೆಂದು ತಲೆ ಹಿಡಿದುಕೊಂಡವರ ಮಕ್ಕಳಿಗೆ ಈ ಪಾಠ ಬೇಗ ಹತ್ತುತ್ತದೆ.

ಬೋಧಕಜ, ಅಂದರೆ ಬಿ.ಎಡ್. ಆದವರು, ಸಂಖ್ಯೆಯಲ್ಲಿ ಅಪಾರ, ವಿಧದಲ್ಲಿ ಒಂದೇ. ಇವರು ತಮ್ಮನ್ನು ಶಾಸ್ತ್ರಾಂತರಿಗಳೆಂದೇ ಒಪ್ಪುವುದಿಲ್ಲ. ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆ ಬರೆದಾಗಿದೆ, ಟಿ.ಇ.ಟಿ.ಯಲ್ಲಿ ಮಗುವಿನ ವಿಕಾಸದ ಮೇಲೆ 30 ಪ್ರಶ್ನೆ ಬಿಡಿಸಿಯಾಗಿದೆ, ಪಾವ್ಲೋವನ ನಾಯಿ, ಮ್ಯಾಸ್ಲೋನ ತ್ರಿಕೋನ ಬಾಯಿಪಾಠ; ಇನ್ನೇನು ಉಳಿಯಿತು? ಉಳಿದದ್ದೇನೆಂದರೆ ಮಗು. ಆದರೂ ಇವರೊಳಗೆ ಒಂದು ಉಪಜಾತಿಯಿದೆ. ಹಿಂದಿನ ಬೆಂಚಿನಲ್ಲಿ ಕೂತು ಅಕ್ಷರ ತಿರುಗಿಸಿ ಬರೆಯುವ ಹುಡುಗನನ್ನು ‘ದಡ್ಡ’ ಎನ್ನದೆ, ಇದೇನಿರಬಹುದೆಂದು ರಜೆಯಲ್ಲಿ ಪುಸ್ತಕ ಹುಡುಕಿಕೊಂಡು ಹೋದ ಶಿಕ್ಷಕಿ. ಈ ಉಪಜಾತಿಯನ್ನು ಕಂಡರೆ ಇಲಾಖೆ ರಜೆ ಕೊಟ್ಟು, ಸಂಬಳ ಕೊಟ್ಟು ಓದಿಸಬೇಕು. ಈಗ ಅವರಿಗೆ ಕೊಡುತ್ತಿರುವುದು ಗಣತಿ ಕೆಲಸ.

ಆಯುರ್ಜರು, ಅಂದರೆ ಬಿ.ಎ.ಎಂ.ಎಸ್. ಮುಗಿಸಿ ಬಂದವರು, ಯಾವ ಹೊಸ ಸಿದ್ಧಾಂತ ಹೇಳಿದರೂ ಚರಕದಲ್ಲಿದೆ ಎನ್ನುತ್ತಾರೆ. ಶಾಸ್ತ್ರಕಾರನಿಗೆ ಸಿಟ್ಟು ಬರುವುದೇಕೆಂದರೆ, ಕೆಲವು ಸಲ ಇರುತ್ತದೆ ಕೂಡ. ಸತ್ತ್ವಾವಜಯವೆಂದು ಮನಸ್ಸಿನ ಚಿಕಿತ್ಸೆಯನ್ನು ಚರಕ ಬೇರೆ ಮಾಡಿಯೇ ಹೇಳಿದ್ದಾನೆ.

ಯು.ಪಿ.ಎಸ್.ಸಿ. ಐಚ್ಛಿಕ ವಿಷಯವೆಂದು ಮನಶ್ಶಾಸ್ತ್ರ ಹಿಡಿದವರನ್ನು ಮಾಗಡಿ ಕೆರೆಯ ಪಟ್ಟಿಗೆ ಸೇರಿಸಬೇಕು: ಋತುಮಾನದ ಅತಿಥಿಗಳು.

ಇನ್ನು ಗೃಹಜೆ. ಶಾಸ್ತ್ರಕಾರನಿಗೆ ಎಲ್ಲ ಪ್ರಭೇದಗಳಲ್ಲಿ ಅತಿ ಹೆಚ್ಚು ಗೌರವ ಇರುವುದು ಈ ಪ್ರಭೇದದ ಮೇಲೆ. ಹೀಗೆ ಪಕ್ಷಪಾತ ಮಾಡುವುದು ಲಕ್ಷಣಗ್ರಂಥಕ್ಕೆ ತರವಲ್ಲ, ಇರಲಿ. ಬೆಟಗೇರಿಯ ಮಗ್ಗದ ಓಣಿಯ ಮನೆ. ಯಾವಾಗಲೋ ಮುಗಿದ ಬಿ.ಎ., ಕನ್ನಡವೋ ಇತಿಹಾಸವೋ. ಮಕ್ಕಳು ಪಿ.ಯು.ಗೆಂದು ಹಾಸ್ಟೆಲ್ ಸೇರಿದ ವರ್ಷ ಕಪಾಟಿನಿಂದ ಪದವಿ ಪ್ರಮಾಣಪತ್ರ ಹೊರಬರುತ್ತದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ, ಎಲ್ಲರ ಬಾಯಲ್ಲಿ ಇಗ್ನೋದ, ಎಂ.ಎ. ಮನಶ್ಶಾಸ್ತ್ರಕ್ಕೆ ಯಾವ ಪದವಿಯಾದರೂ ನಡೆಯುತ್ತಿತ್ತು. ಪುಸ್ತಕಗಳು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಸಂಜೆಯ ರೊಟ್ಟಿ ಮುಗಿದ ಮೇಲೆ ನಿಘಂಟು ಪಕ್ಕಕ್ಕಿಟ್ಟುಕೊಂಡು ದಿನಕ್ಕೆ ನಾಲ್ಕು ಪುಟ. ಮನೆಯವರ ಅನುಮಾನ ಶುರುವಾಗುವುದು ಆಗಲೇ. ಅತ್ತೆ ಅವಳ ಮುಂದೆ ಮಾತು ಅಳೆದು ಆಡುತ್ತಾರೆ. ನೆಗೆಣ್ಣಿ, ‘ನನ್ನ ಮನಸ್ನ್ಯಾಗ ಈಗ ಏನೈತಿ ಹೇಳs ಅಕ್ಕಾ, ನೋಡೋಣು’ ಎಂದು ಕೆಣಕುತ್ತಾಳೆ. ಗಂಡ, ‘ಇದನ್ನ ಓದಿ ನಮ್ಮನ್ನs ಪರೀಕ್ಷಾ ಮಾಡಾಕಿ ಏನು?’ ಎಂದು ನಗುತ್ತಲೇ ಕೇಳುತ್ತಾನೆ, ಆದರೆ ಉತ್ತರಕ್ಕೆ ಕಾಯುತ್ತಾನೆ. ನಿಜ ಏನೆಂದರೆ, ಪರೀಕ್ಷೆ ಮುಗಿದು ವರ್ಷಗಳಾಗಿವೆ. ಕೂಡುಕುಟುಂಬದಲ್ಲಿ ಎರಡು ದಶಕ ಬಾಳಿದ ಹೆಣ್ಣುಮಗಳು, ಯಾರ ಮಾತಿಗೆ ಎದುರಾಡದೆ, ಯಾರ ಗುಟ್ಟನ್ನೂ ಯಾರಿಗೂ ದಾಟಿಸದೆ, ಎರಡೂ ಕಡೆಯವರ ದೂರು ಕೇಳಿ ಎರಡೂ ಕಡೆ ಸಮಾಧಾನ ಹೇಳಿದವಳು. ಆಪ್ತಸಮಾಲೋಚನೆಯ ಪಠ್ಯದಲ್ಲಿ ಗೋಪ್ಯತೆ, ನಿಷ್ಪಕ್ಷಪಾತ, ತಾಳ್ಮೆ ಎಂಬ ಅಧ್ಯಾಯಗಳು ಬಂದಾಗ ಅವಳು ಪುಟ ತಿರುವಿ ಮುಂದೆ ಹೋಗುತ್ತಾಳೆ. ಅವಳನ್ನು ತಡೆಯುವುದು ಸಂಖ್ಯಾಶಾಸ್ತ್ರ ಮತ್ತು ಇಂಗ್ಲಿಷ್, ಇವೆರಡೇ. ಎರಡಕ್ಕೂ ಯಂತ್ರಜನನ್ನು ಅವಳ ಪಕ್ಕ ಕೂರಿಸಿದರೆ ಅವನಿಗೂ ಒಳ್ಳೆಯದು.

ಕೊನೆಯ ಪ್ರಭೇದಕ್ಕೆ ಹೆಸರಿಡಲು ಮನಸ್ಸು ಬರುವುದಿಲ್ಲ. ಮನೆಯಲ್ಲಿ ಯಾರೋ ಹೋದದ್ದಕ್ಕೆ, ಅಣ್ಣನೋ ತಂದೆಯೋ ಬೆಳೆ ಕೈಕೊಟ್ಟ ವರ್ಷ ತಮ್ಮ ಜೀವ ತಾವೇ ತೆಗೆದುಕೊಂಡದ್ದಕ್ಕೆ, ಅಥವಾ ತನಗೇ ಒಂದು ಕಾಲಕ್ಕೆ ನಿದ್ದೆ ಇಲ್ಲದೆ ಹೋದದ್ದಕ್ಕೆ ಈ ಶಾಸ್ತ್ರಕ್ಕೆ ಬಂದವರು. ಇವರು ಯಾವ ಪದವಿಯಿಂದಲೂ ಬರುತ್ತಾರೆ, ಯಾಕೆ ಬಂದೆವೆಂದು ಅರ್ಜಿಯಲ್ಲಿ ಬರೆಯುವುದಿಲ್ಲ. ಇವರಷ್ಟು ಬೇಗ ಇನ್ನೊಬ್ಬರ ನೋವು ಗುರುತಿಸುವವರಿಲ್ಲ. ಹಾಗೆಯೇ, ಇನ್ನೊಬ್ಬರ ನೋವಿನ ಜಾಗದಲ್ಲಿ ತನ್ನದನ್ನೇ ಕಾಣುವ ಅಪಾಯವೂ ಇವರಿಗೇ ಹೆಚ್ಚು. ಅದಕ್ಕೇ ಈ ವಿದ್ಯೆಯಲ್ಲಿ ಪರೀಕ್ಷೆ ಪಾಸಾದರೆ ಸಾಲದು ಎಂಬ ನಿಯಮ. ಅನುಭವಿಗಳ ಕೈಕೆಳಗೆ ಕೂತು, ಇಂದು ಯಾರಿಗೆ ಏನು ಹೇಳಿದೆ, ಏಕೆ ಹೇಳಿದೆ, ನಿನ್ನೊಳಗೆ ಆಗ ಏನಾಯಿತು ಎಂದು ಪ್ರತಿ ವಾರ ಒಪ್ಪಿಸಬೇಕು. ಈ ಮೇಲ್ವಿಚಾರಣೆ ಈ ಪ್ರಭೇದಕ್ಕೆ ಅನ್ನದಷ್ಟು ಅಗತ್ಯ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ‘ಶಿರಹಟ್ಟ್ಯಾಗ ಫಕೀರೇಶ್ವರ ಮಠ ಐತಿ, ಲಕ್ಷ್ಮೇಶ್ವರದಾಗ ದೂದಪೀರಾ ದರ್ಗಾ ಐತಿ, ಮುಂಡರಗ್ಯಾಗ ಅನ್ನದಾನೀಶ್ವರ ಅಜ್ಜಾರ ಮಠ ಐತಿ. ಹಿಂದೂ, ಮುಸಲ್ಮಾನ ಎಲ್ಲಾರೂ ನಡಕೋತಾರ. ನಡುವ ಇವರೇನ್ ಹೊಸದಾಗಿ ಸಮಾಧಾನ ಹೇಳೋರು?’ ಪ್ರಶ್ನೆ ಬಲವಾದದ್ದು. ನಮ್ಮ ಸಿದ್ಧಾಂತ: ಜನ ಅಲ್ಲಿಗೆ ಹೋಗುತ್ತಾರೆ, ಹೋಗಲಿ, ಹೋದವರಿಗೆ ಹಗುರವೂ ಆಗುತ್ತದೆ. ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾಕ್ಕೆ ಬಂದವರಿಗೆ ಮುಜಾವರರೇ ದುವಾ ಮಾಡಿ, ಪಕ್ಕದ ಚಿಕಿತ್ಸಾಲಯಕ್ಕೆ ದವಾ ತೆಗೆದುಕೊಳ್ಳಲು ಕಳಿಸುವ ಏರ್ಪಾಟು ನಡೆದಿದೆ. ಜಗಳವೇ ಇಲ್ಲದ ಜಾಗದಲ್ಲಿ ಜಗಳ ಹಚ್ಚುವುದು ಬೇಡ. ಆದರೆ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು; ಕಾಯಿಲೆಯನ್ನು ಅನುಸರಿಸಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇಷ್ಟು ಮಂದಿಗೆ ಎಲ್ಲ ಅಜ್ಜಾರೂ ಎಲ್ಲ ಡಾಕ್ಟರೂ ಎಲ್ಲ ಶಾಸ್ತ್ರಾಂತರಿಗಳೂ ಸೇರಿದರೂ ಸಾಲದು. ಆಗ ನಮ್ಮ ನೆರೆಯದಾಗಿದ್ದ ಬಳ್ಳಾರಿ ಇದಕ್ಕೆ ಒಂದು ದಾರಿ ತೋರಿಸಿದ ಜಿಲ್ಲೆ: ನಿಮ್ಹಾನ್ಸ್ 1980ರ ದಶಕದಲ್ಲಿ ಅಲ್ಲಿ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲೇ ಚಿಕಿತ್ಸೆ ನಡೆಸಿತು; 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ದೇಶದಲ್ಲೆಲ್ಲ ಅದೇ ಮಾದರಿಯಾಯಿತು. ಬೇರೆ ಕೆಲಸದವರಿಗೆ ಈ ವಿದ್ಯೆ ಕಲಿಸಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಪ್ರಮಾಣ ಬೇಕಿಲ್ಲ.

ಈಗ ಮಾರ್ಗಪ್ರಕರಣ. ಇದು ಸಂಕಟದ್ದು. ಬ್ರಿಟನ್ನಿನಲ್ಲಿ ಬೇರೆ ಪದವಿಯವರು ಒಂದೆರಡು ವರ್ಷದ ಪರಿವರ್ತನಾ ಕೋರ್ಸು ಮುಗಿಸಿ ಮನಶ್ಶಾಸ್ತ್ರದ ಪದವೀಧರರ ಸಾಲಿಗೇ ಬಂದು ನಿಲ್ಲುತ್ತಾರೆ. ಸೇತುವೆಗೆ ಅಲ್ಲಿ ಹೆಸರೂ ಇದೆ, ಮಾನ್ಯತೆಯೂ ಇದೆ. ನಮ್ಮಲ್ಲಿ ಅನೇಕ ವಿಶ್ವವಿದ್ಯಾಲಯಗಳ ಎಂ.ಎ. ಬಾಗಿಲಲ್ಲಿ ‘ಪದವಿಯಲ್ಲಿ ಮನಶ್ಶಾಸ್ತ್ರ ಇತ್ತೇ?’ ಎಂಬ ಕಾವಲುಗಾರ. ಆ ಕಾವಲಿಲ್ಲದ ದೊಡ್ಡ ಬಾಗಿಲು ಅಂಚೆ ಶಿಕ್ಷಣದ್ದಾಗಿತ್ತು. ಅಟ್ಟದ ಯಂತ್ರಜ, ಅಡತಿಯ ವಣಿಜ, ಮಗ್ಗದ ಓಣಿಯ ಗೃಹಜೆ ಎಲ್ಲರೂ ಮನೆ ಬಿಡದೆ ಹೋಗಬಹುದಾಗಿದ್ದ ಬಾಗಿಲು. 2025ರಲ್ಲಿ ಯು.ಜಿ.ಸಿ. ಅದನ್ನು ಮುಚ್ಚಿತು: ಆ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸುವಂತಿಲ್ಲ. ಪಕ್ಷಾಂತರಿಗಳಿಗೆ 1985ರಲ್ಲಿ ಬಂದ ಕಾಯ್ದೆ ಶಾಸ್ತ್ರಾಂತರಿಗಳಿಗೆ ನಲವತ್ತು ವರ್ಷ ತಡವಾಗಿ ಬಂದಂತಾಯಿತು; ಮೊದಲಿನವರು ಕಾಯ್ದೆಯಲ್ಲಿ ಕಿಂಡಿ ಹುಡುಕಿದರು, ಇವರಿಗೆ ಅದು ಬಾರದು.

ಹಾಗೆ ಮುಚ್ಚಿದ್ದು ತಪ್ಪೇ? ಪೂರ್ತಿ ತಪ್ಪೆನ್ನಲಾಗದು. 2021ರ ಕಾಯ್ದೆಯೊಂದು ಆರೋಗ್ಯ ಸಂಬಂಧಿ ವೃತ್ತಿಗಳನ್ನು ಒಂದು ಆಯೋಗದಡಿ ತಂದಿದೆ, ಮನಶ್ಶಾಸ್ತ್ರವನ್ನೂ ಅದರೊಳಗೆ ಎಳೆದುಕೊಂಡಿದೆ. ಅಂಚೆಯಲ್ಲಿ ಬಂದ ಪುಸ್ತಕ ಓದಿ ರೋಗಿಯ ಎದುರು ಕೂರುವುದು ಬೇಡವೆಂಬುದು ಅದರ ಇಂಗಿತ, ಮಾತು ಸರಿ. ತಪ್ಪಿರುವುದು ಹಳೆಯ ಬಾಗಿಲು ಮುಚ್ಚಿ ಹೊಸದನ್ನು ಹತ್ತಿರದಲ್ಲಿ ತೆರೆಯದಿರುವುದರಲ್ಲಿ. ಧಾರವಾಡದಲ್ಲಿ ರೂಮು ಹಿಡಿದು ಎರಡು ವರ್ಷ ಓದುವ ಶಕ್ತಿ ಯಂತ್ರಜನಿಗೆ ಇರಬಹುದು. ಗೃಹಜೆಗೆ ಇಲ್ಲ. ಹೊಸ ನಿಯಮ ಶಾಸ್ತ್ರವನ್ನು ಶುದ್ಧಗೊಳಿಸುವ ಭರದಲ್ಲಿ ಅತ್ಯುತ್ತಮ ಪ್ರಭೇದವನ್ನೇ ಹೊರಗಿಟ್ಟಿತು.

ಎಂ.ಎ. ಆದರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲವೆಂಬುದು ಅನೇಕ ಮನೆಗಳಲ್ಲಿ ಫೀ ಕಟ್ಟಿದ ಮೇಲೆ ತಿಳಿಯುತ್ತದೆ. ಅದಕ್ಕೆ ಆಸ್ಪತ್ರೆಯಲ್ಲಿ ಕೂತು ಪಡೆಯುವ ಇನ್ನೂ ಎರಡು ವರ್ಷದ ತರಬೇತಿ, ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್.ಸಿ.ಐ.ನ ನೋಂದಣಿ ಬೇಕು. ಇಲ್ಲಿಯವರೆಗೆ ಆ ತರಬೇತಿಗೆ ಎಂ.ಫಿಲ್. ಎಂದು ಹೆಸರಿತ್ತು, ಎಂ.ಫಿಲ್. ಪದವಿಯನ್ನೇ ಯು.ಜಿ.ಸಿ. ರದ್ದು ಮಾಡಿದ ಮೇಲೆ ಈ ಒಂದಕ್ಕೆ ಕೆಲವು ವರ್ಷ ಜೀವದಾನ ಕೊಟ್ಟು, ಈಗ ಹೊಸ ಕೋರ್ಸುಗಳನ್ನು ತರುತ್ತಿದ್ದಾರೆ. ಹುಡುಗರು ಓದುವ ವೇಗಕ್ಕಿಂತ ಕೋರ್ಸುಗಳ ಹೆಸರು ಬದಲಾಗುವ ವೇಗ ಹೆಚ್ಚು.

ಅನಧಿಕೃತ ಪ್ರಭೇದವೊಂದು ಬಾಕಿ ಇದೆ: ಫಲಕಿ. ಇವನ ಲಕ್ಷಣ ಬೋರ್ಡು. ಮೂರು ತಿಂಗಳ ಸರ್ಟಿಫಿಕೇಟು, ವಾರಾಂತ್ಯದ ಎನ್‌.ಎಲ್‌.ಪಿ. ಶಿಬಿರ, ಗಾಜಿನ ಚೌಕಟ್ಟು, ‘ಮೈಂಡ್ ಕೋಚ್’ ಎಂಬ ಅಕ್ಷರಗಳು. ಮಕ್ಕಳ ಕಣ್ಣು ಕಟ್ಟಿ ಓದಿಸುವ ‘ಮಿಡ್‌ಬ್ರೈನ್ ಆಕ್ಟಿವೇಶನ್’ ನಮ್ಮ ರಾಜ್ಯದಲ್ಲಿ ಎಷ್ಟು ಹಬ್ಬಿತೆಂಬುದನ್ನು ಅದರ ವಿರುದ್ಧ ಊರೂರು ತಿರುಗಿ ಸವಾಲು ಹಾಕಿದ ಮಂಗಳೂರಿನ ನರೇಂದ್ರ ನಾಯಕರನ್ನು ಬಲ್ಲವರು ಬಲ್ಲರು; ಕಟ್ಟಿದ ಪಟ್ಟಿಯ ಕೆಳಗಿನ ಸಂದಿಯಲ್ಲಿ ಮೂಗಿನ ಬದಿಯಿಂದ ನೋಡುವುದೇ ಅದರ ಗುಟ್ಟು. ಬೆರಳಚ್ಚು ತೆಗೆದು ಮಗುವಿನ ಬುದ್ಧಿ ಹೇಳುವ ಡಿ.ಎಂ.ಐ.ಟಿ.ಗೂ ವೈಜ್ಞಾನಿಕ ಆಧಾರವಿಲ್ಲ, ಬಿಲ್ಲು ಮಾತ್ರ ಇದೆ. ನೋಂದಣಿಯಿಲ್ಲದೆ ಈ ಕ್ಷೇತ್ರದಲ್ಲಿ ವೃತ್ತಿ ನಡೆಸಿದವರಿಗೆ 1992ರ ಆರ್.ಸಿ.ಐ. ಕಾಯ್ದೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸಾವಿರ ರೂಪಾಯಿ ಫಲಕಿಗೆ ಒಂದು ಸಂಜೆಯ ಗಳಿಕೆ. ವೀರೇಶ್ವರ ಪುಣ್ಯಾಶ್ರಮ ಇರುವ ಊರು ಗದಗ. ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಹತ್ತಿರ ವರ್ಷಗಟ್ಟಲೆ ಕೂತು ಷಡ್ಜ ಸಾಧಿಸಿದವರನ್ನು ನೋಡಿದ ಊರು. ಮೂರು ತಿಂಗಳಲ್ಲಿ ಗವಾಯಿ ಎಂದು ಬೋರ್ಡು ಹಾಕಿಕೊಂಡವನ ಕಛೇರಿಗೆ ಇಲ್ಲಿ ಒಂದು ನಾಯಿಯೂ ಬರುವುದಿಲ್ಲ. ಮನಸ್ಸಿನ ವಿಷಯಕ್ಕೆ ಮಾತ್ರ ಸರತಿ ನಿಲ್ಲುತ್ತಾರೆ.

ಭಾಷೆಯ ಒಂದು ಮಾತು ಹೇಳದೆ ಮುಗಿಸುವಂತಿಲ್ಲ. ಕವಿರಾಜಮಾರ್ಗದ ಕಾಲದಿಂದ ಕನ್ನಡದ ತಿರುಳು ಎನ್ನಿಸಿಕೊಂಡ ನಾಲ್ಕು ಊರುಗಳಲ್ಲಿ ಪುಲಿಗೆರೆ ಒಂದು, ಅದೇ ಈಗಿನ ಲಕ್ಷ್ಮೇಶ್ವರ. ಅಲ್ಲಿಯ ಹೆಣ್ಣುಮಗಳು ‘ಖಿನ್ನತೆ’ ಎಂದು ಹೇಳಿಕೊಂಡು ಬರುವುದಿಲ್ಲ. ‘ಎದಿ ಧಸಕ್ ಅಂತೈತ್ರಿ, ಹೊಟ್ಟ್ಯಾಗ ಕಿಚ್ಚು ಬಿದ್ದಂಗ ಆಗತೈತಿ, ನಿದ್ದಿ ಹತ್ತವಲ್ದು, ಯಾವುದರ ಮ್ಯಾಲೂ ಜೀವ ಇಲ್ಲ’ ಎಂದು ಬರುತ್ತಾಳೆ; ಮೊದಲು ಇ.ಸಿ.ಜಿ. ಆಗುತ್ತದೆ, ಆಮೇಲೆ ಎಂಡೋಸ್ಕೋಪಿ. ಇಂಗ್ಲಿಷಿನಿಂದ ಅಚ್ಚಿಳಿಸಿದ ಪ್ರಶ್ನಾವಳಿಯಲ್ಲಿ ‘ಕಳೆದ ಎರಡು ವಾರಗಳಲ್ಲಿ ನೀವು ಎಷ್ಟು ಬಾರಿ ನಿರುತ್ಸಾಹವನ್ನು ಅನುಭವಿಸಿದ್ದೀರಿ?’ ಎಂದು ಕೇಳಿದರೆ ಅವಳು ಏನೂ ಇಲ್ಲವೆನ್ನುತ್ತಾಳೆ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಚೆನ್ನಾಗಿ ಓದಿದವರಿಗೆ ಅವಳ ಮಾತು ಅರ್ಥವಾಗದೆ ಹೋಗಬಹುದು. ಅಡತಿಯ ವಣಿಜನಿಗೆ, ಬೆಟಗೇರಿಯ ಗೃಹಜೆಗೆ ಆಗುತ್ತದೆ. ಶಾಸ್ತ್ರಾಂತರಿ ಹಳೆಯ ಬದುಕಿನಿಂದ ಹೊತ್ತು ತರುವ ಬಂಡವಾಳ ಇದೇ, ಮತ್ತು ಯಾವ ಎಂ.ಎ. ಪಠ್ಯದಲ್ಲೂ ಇದಕ್ಕೆ ಅಂಕವಿಲ್ಲ.

ಆದ್ದರಿಂದ ಶಾಸ್ತ್ರಕಾರನ ತೀರ್ಪು: ಯಾವ ಪದವಿಯಿಂದ ಬಂದರೆಂದು ಕೇಳುವುದನ್ನು ಬಿಟ್ಟು ಯಾರ ಕೈಕೆಳಗೆ ಕಲಿತರೆಂದು ಕೇಳಬೇಕು. ಗದಗಿನ ಕಾಲೇಜುಗಳು ಧಾರವಾಡದ ವಿಶ್ವವಿದ್ಯಾಲಯದ ಜೊತೆ ಸೇರಿ ಸಂಜೆಯ ತರಗತಿಯ ಸೇತು ಕೋರ್ಸೊಂದನ್ನು ಆರಂಭಿಸಬಹುದು. ತರಬೇತಿಗೆ ಸ್ಥಳವಿಲ್ಲವೆನ್ನುವಂತಿಲ್ಲ: ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಯೋಜನೆಯನ್ನು ರಾಜ್ಯ 2014ರಲ್ಲೇ ಆರಂಭಿಸಿದೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನಲ್ಲಿ ಹೊಸ ಬೋರ್ಡು ಕಂಡರೆ ಒಳಗೆ ಹೋಗಿ, ಕೂತು, ಸಂಕೋಚವಿಲ್ಲದೆ ಕೇಳಿ: ಎಲ್ಲಿ ಕಲಿತಿರಿ, ಎಷ್ಟು ವರ್ಷ, ಯಾರ ಮೇಲ್ವಿಚಾರಣೆಯಲ್ಲಿ? ಬೋರ್ಡಿನ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬರೆದಿದ್ದರೆ ಆರ್.ಸಿ.ಐ. ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಿ. ಆ ಸಂಖ್ಯೆ ಇರುವವರು ಕೇಳಿದ್ದಕ್ಕೆ ಬೇಸರಪಡುವುದಿಲ್ಲ.